ಉಸ್ತಾದರ ಎರಡು ವಾಲ್ವ್‌ಗಳು

ಅಬ್ದುಲ್ ಕರೀಮ ಉಸ್ತಾದರು ಮಾತು ಕೊಟ್ಟಿದ್ದರು. ಜ್ಯೋತಿಬಾನ ಸಿಟ್ಟಿಗೆಲ್ಲ ಅದೇ ಮೂಲ. “ನನ್ನ ಸೆಟ್ಟಿನ್ಯಾಗಿನ ಎರಡೂ ವಾಲ್ವ್ ನಿನಗ. ನಾ ಹೋದ ಮ್ಯಾಲೆ ಬಂದು ತೊಗೊಂಡು ಹೋಗು” ಎಂದು ಹಳಿಯಾಳದ ತಮ್ಮ ರೇಡಿಯೋ ಅಂಗಡಿಯಲ್ಲಿ ಶಿಷ್ಯನ ಬೆನ್ನು ತಟ್ಟಿ ಹೇಳಿದ್ದರು. ಅಲ್ಲಿ ಮೂರನೆಯವರು ಯಾರೂ ಇರಲಿಲ್ಲ. ಅವರು ತೀರಿಕೊಂಡ ಮೇಲೆ ಮಗ ದಾನಿಶನಿಗೆ ಈ ಮಾತು ನೆನಪಿಸಿದರೆ ಅವನು ಕೈಮುಗಿದುಬಿಟ್ಟ.

“ಅಬ್ಬಾನ ನೆನಪು ಐತ್ರಿ ಕಾಕಾ. ಅದರಾಗಿನ ಒಂದ್ ಸ್ಕ್ರೂ ಸೈತ ಕೊಡಂಗಿಲ್ಲ.”

ಸೆಟ್ಟು ಎಂದರೆ ಪ್ರಿಆಂಪ್, ಕ್ಯಾಸೆಟ್ಟಿನಿಂದ ಬರುವ ಬಡಕಲು ಸದ್ದನ್ನು ದೊಡ್ಡ ಆಂಪ್ಲಿಫೈಯರಿಗೆ ಕಳಿಸುವ ಮೊದಲು ಎತ್ತಿ ನಿಲ್ಲಿಸುವ ಪೆಟ್ಟಿಗೆ. ಆ ಎತ್ತುವ ಕೆಲಸ ಅದರೊಳಗಿನ ವಾಲ್ವ್‌ಗಳದು, ಬಿಸಿಯಾಗಿ ಮಿಣುಕುವ ಪುಟ್ಟ ಗಾಜಿನ ಕೊಳವೆಗಳು. ಉಸ್ತಾದರು ಅದನ್ನು ಕೈಯಾರೆ ಕಟ್ಟಿದ್ದರು. ಅದನ್ನೇ ನೋಡಿ ಜ್ಯೋತಿಬಾ ತನಗೊಂದು ಕಟ್ಟಿಕೊಂಡಿದ್ದ.

ಆ ವಾಲ್ವ್‌ಗಳನ್ನು ಮಾರುವ ಆಸೆ ಅವನಿಗಿರಲಿಲ್ಲ. ಹೆಂಡತಿ ಲಕ್ಷ್ಮಿ ಬದುಕಿದ್ದಾಗ ಒಮ್ಮೆ ಉಸ್ತಾದರ ಮನೆಯಲ್ಲಿ ಬೀಸುವ ಹಾಡು ಹಾಡಿದ್ದಳು. ಉಸ್ತಾದರು ಅದನ್ನು ಕ್ಯಾಸೆಟ್ಟಿಗೆ ಇಳಿಸಿ ಇವನಿಗೂ ಒಂದು ಪ್ರತಿ ಕೊಟ್ಟಿದ್ದರು. ಹಾಡುತ್ತ ಅವಳು ತೊಡೆ ತಟ್ಟಿದಾಗೆಲ್ಲ ಕೈಯ ಹಸಿರು ಬಳೆಗಳು ಕಿಣಿಕಿಣಿ ಎಂದಿದ್ದವು. ಅವಳು ಹೋದ ಮೇಲೆ ಜ್ಯೋತಿಬಾ ಹಾಡಿಗಿಂತ ಆ ಬಳೆಗಳನ್ನೇ ಕೇಳುತ್ತಿದ್ದ. ಹಾಡು ಊರಿನದು, ಬಳೆ ಮಾತ್ರ ಅವಳದು. ಆದರೆ ಕೆಲವು ವರ್ಷಗಳಿಂದ ಬಳೆಯ ಸದ್ದು ಸಣ್ಣಗಾಗುತ್ತ ಬಂದು, ಕೊನೆಗೆ ಇಲ್ಲವೇ ಆಯಿತು. ಅವಳು ಎರಡನೆಯ ಸಲ ಸತ್ತಂತೆ ಅವನು ದುಃಖಪಟ್ಟ.

ಕ್ಯಾಸೆಟ್ಟು ಸವೆದಿರಬೇಕು ಎಂದುಕೊಂಡರೆ ಬೇರೆ ಕ್ಯಾಸೆಟ್ಟುಗಳಲ್ಲೂ ಭಜನೆಯ ತಾಳ ಮಂಕಾಗಿತ್ತು. ಅಂದ ಮೇಲೆ ತಪ್ಪು ವಾಲ್ವ್‌ಗಳದು. 12ಎಯು7 ಎಂಬ ನಮೂನೆಯದು ಹಾಕಿ ನೋಡಿದ, ಸದ್ದು ಸಪ್ಪೆ. ವಾಲ್ವ್ ಕೂಡುವ ಬುಡವನ್ನೇ ಬದಲಿಸಿ ದಪ್ಪ 6ಎಸ್‌ಎನ್7 ಕೂಡಿಸಿದ. ಲಕ್ಷ್ಮಿಯ ಕೊರಳು ತುಂಬಿ ಬಂತು, ಬಳೆ ಬರಲಿಲ್ಲ. ಮೊದಲಿನ ಬುಡ ಮತ್ತೆ ಹಾಕಿ ಹೊಸ 12ಎಎಕ್ಸ್7 ತರಿಸಿದರೂ ಅಷ್ಟೇ. ಈಗಿನ ಮಾಲೇ ಖೊಟ್ಟಿ ಎಂದು ತೀರ್ಮಾನಿಸಿದ. ಈಗಿನದು ಯಾವುದು ತಾನೇ ಸರಿಯಿದೆ? ಕಳೆದ ಬೇಸಿಗೆ ಸೂಪಾ ಕಡೆ ಕೆಲಸಕ್ಕೆ ಹೋದಾಗ ಅಷ್ಟು ದೊಡ್ಡ ಕಾಡಿನಲ್ಲಿ ಒಂದು ಜೀರುಂಡೆಯೂ ಕೂಗಿರಲಿಲ್ಲ. ಉಳಿದಿರುವ ಅಸಲಿ ಜೋಡಿ ಎಂದರೆ ಹಳಿಯಾಳದಲ್ಲಿ ಉಸ್ತಾದರ ಸೆಟ್ಟಿನೊಳಗಿರುವುದು ಮಾತ್ರ.

ಹಾಗಿರುವಾಗ ಒಂದು ದಿನ ದಾನಿಶನೇ ಆ ಸೆಟ್ಟನ್ನು ಕಾರಿನಲ್ಲಿಟ್ಟುಕೊಂಡು ದಾಂಡೇಲಿಗೆ ಬಂದ. ಅಲ್ಲಿನ ಅಂಬೇವಾಡಿಯಲ್ಲಿ ಜ್ಯೋತಿಬಾನ ತಂಗಿ ಗೋದುಬಾಯಿಯ ಹಿಟ್ಟಿನ ಗಿರಣಿ, ಅದಕ್ಕೆ ಅಂಟಿಕೊಂಡ ಖೋಲಿಯಲ್ಲಿ ಅವನ ರಿಪೇರಿ ಅಂಗಡಿ. ನಡುವೆ ಹಲಗೆಯ ಗೋಡೆ. ಗಿರಣಿ ಓಡುವಾಗ ಗಿರಾಕಿಗಳು ಕೂಗಿಯೇ ಮಾತಾಡಬೇಕು.

“ಸೆಟ್ಟು ಮೂಕಾಗೇತ್ರಿ ಕಾಕಾ!” ದಾನಿಶ ಕೂಗಿದ. “ಬ್ಯಾರೇದವರ ಕೈಯಾಗ ಕೊಡಾಕ ಮನಸ್ಸಾಗವಲ್ದು. ಅಬ್ಬಾ ಹೇಳ್ತಿದ್ರಲ್ಲ, ಕಿವಿ ಅಂದ್ರ ಜ್ಯೋತಿಬಾಂದು ಅಂತ.”

ಈ ಹೊಗಳಿಕೆಗೆ ಜ್ಯೋತಿಬಾ ತಲೆ ತಗ್ಗಿಸಿದ. ನಾಚಿಕೆಯಿಂದ ಅಂತ ದಾನಿಶ ತಿಳಿದ. ಅವನ ಕಾರು ತಿರುವು ದಾಟಿದ್ದೇ ತಡ, ಜ್ಯೋತಿಬಾ ಮುಚ್ಚಳ ಬಿಚ್ಚಿದ. ಒಂದು ಕೆಪಾಸಿಟರ್ ಉಬ್ಬಿತ್ತು, ಅಷ್ಟೇ. ಅದರ ಪಕ್ಕದಲ್ಲಿ ಉಸ್ತಾದರ ಎರಡು ವಾಲ್ವ್‌ಗಳು ಧೂಳು ಹೊದ್ದು ಕೂತಿದ್ದವು. ಇದು ಕಳ್ಳತನವಲ್ಲ, ಕೊಟ್ಟ ಮಾತನ್ನು ವಸೂಲಿ ಮಾಡುವುದು ಎಂದು ತನಗೆ ತಾನೇ ಹೇಳಿಕೊಂಡ.

ಬದಲಿಗೆ ಯಾವುದನ್ನು ಇಡುವುದು? 12ಎಯು7 ಇಡಬಹುದು, ಅದಕ್ಕೂ ಒಂಬತ್ತೇ ಕಾಲುಗಳು, ಅದೇ ತೂತುಗಳಲ್ಲಿ ಕೂಡುತ್ತದೆ. ಆದರೆ ಸದ್ದು ಕುಗ್ಗಿ ದಾನಿಶನಿಗೆ ಅನುಮಾನ ಬರುತ್ತದೆ. 6ಎಸ್‌ಎನ್7 ಅಂತೂ ಕುರುಡನಿಗೂ ಬೇರೆ ಎಂದು ಗೊತ್ತಾಗುವಷ್ಟು ದಪ್ಪ. ಉಸ್ತಾದರದೂ 12ಎಎಕ್ಸ್7, ತಾನು ತರಿಸಿ ಮೂಲೆಗೆಸೆದ ಹೊಸ ಜೋಡಿಯೂ ಅದೇ. ಶಕ್ತಿ ಸಮ, ಆಕಾರ ಸಮ. ಹೊಸದರ ಮೇಲಿನ ಅಕ್ಷರಗಳನ್ನು ಸ್ಪಿರಿಟ್ಟಿನಿಂದ ಒರೆಸಿದ. ಗಾಜಿಗೆ ಚಿಮಣಿ ದೀಪದ ಹೊಗೆ ತೋರಿಸಿದ. ಹಳೆಯದರ ಮೇಲಿನ ಧೂಳನ್ನೇ ಕುಂಚದಿಂದ ಎತ್ತಿ ಹೊಸದರ ತಲೆಗೆ ಹಚ್ಚಿದ. ಇಷ್ಟಾದ ಮೇಲೆ ಅವನಿಗೇ ಯಾವುದು ಯಾವುದೆಂದು ಒಂದು ಗಳಿಗೆ ತಿಳಿಯಲಿಲ್ಲ, ಹೆಮ್ಮೆ ಎನಿಸಿತು.

ಕೆಪಾಸಿಟರ್ ಬದಲಿಸಿ ಸೆಟ್ಟು ಹಚ್ಚಿದ. ಹೊಸ ವಾಲ್ವ್‌ಗಳಲ್ಲಿ ಕೆಲವಕ್ಕೆ ಸೀಟಿ ಹೊಡೆಯುವ ಕೆಟ್ಟ ಚಾಳಿ ಇರುತ್ತದೆ. ಅದನ್ನು ಮರೆಯುವಷ್ಟು ದಡ್ಡನೇ ಅವನು? ಮಧ್ಯಾಹ್ನ ಗಿರಣಿ ನಿಂತಾಗ ಒಂದು ಭಜನೆ ಹಾಕಿ, ಸ್ಪೀಕರಿಗೆ ಕಿವಿ ಹಚ್ಚಿ ಕೂತ. ಭಜನೆಯೊಂದು ಬಿಟ್ಟರೆ ಪಿಟ್ಟೆಂಬ ಸದ್ದಿಲ್ಲ.

ಹಲಗೆಯಾಚೆ ಗೋದುಬಾಯಿ ಕಿವಿಯೊಳಗಿನ ಅರಳೆ ತೆಗೆದಿಟ್ಟು ಊಟಕ್ಕೆ ಕೂತಿದ್ದಳು. “ಅಣ್ಣಾ, ಬಂದ್ ಮಾಡೋ ಮಾರಾಯಾ! ತಲಿ ಸಿಡೀತೈತಿ!”

ಭಜನೆ ಎಂದರೆ ಅವಳಿಗೆ ಮೊದಲಿನಿಂದಲೂ ಆಗದು. ಜ್ಯೋತಿಬಾ ನಕ್ಕು ಸೆಟ್ಟು ಆರಿಸಿದ.

ಉಸ್ತಾದರ ಜೋಡಿಯನ್ನು ಬಟ್ಟೆಯಲ್ಲಿ ಸುತ್ತಿ, ಮನೆಯ ಜೋಳದ ಡಬ್ಬಿಯ ತಳದಲ್ಲಿ ಹೂತಿಟ್ಟ. ಈಗಲೇ ತನ್ನ ಸೆಟ್ಟಿಗೆ ಹಾಕಿ ಲಕ್ಷ್ಮಿಯನ್ನು ಕೇಳಲು ಜೀವ ಹಾತೊರೆಯಿತು. ಆದರೆ ದಾನಿಶ ಹೇಳದೆ ಕೇಳದೆ ಬಂದುಬಿಡುವ ಮನುಷ್ಯ. ಮೊದಲು ಅವನ ಸೆಟ್ಟು ಅವನ ಮನೆ ಸೇರಲಿ. ಇಷ್ಟು ದಿನ ಕಾದವನು ಇನ್ನೊಂದು ದಿನ ಕಾಯಲಾರನೇ?

ಮರುದಿನ ತಾನೇ ಸೆಟ್ಟು ಹೊತ್ತು ಹಳಿಯಾಳದ ಬಸ್ಸು ಹತ್ತಿದ. ಉಸ್ತಾದರ ಹೆಂಡತಿ ಸುಗರಾ ಚಾಚಿ ಚಹಾ ಕೊಟ್ಟು, ಕಪಾಟಿನಿಂದ ಒಂದು ಕ್ಯಾಸೆಟ್ಟು ತಂದರು.

“ಮೊದಲ ಲಕ್ಷ್ಮಿದು ಹಾಕೋ ಬೇಟಾ. ನಿನ್ನ ಉಸ್ತಾದ್ ತುಂಬಿದ ಅಸಲಿ ಇದ ನೋಡು. ಬಾಳ ದಿವಸ ಆತು ಆಕಿ ದನಿ ಕೇಳಿ.”

ಚಾಚಿಯ ಮುಖ ನೋಡಲು ಅವನಿಗಾಗಲಿಲ್ಲ. ಒಲ್ಲೆ ಎನ್ನಲೂ ಆಗಲಿಲ್ಲ. ಕ್ಯಾಸೆಟ್ಟು ಹಾಕಿದ. ಲಕ್ಷ್ಮಿ ಹಾಡತೊಡಗಿದಳು. ಬಳೆ ಇರಲಿಲ್ಲ. ಇರುವುದಾದರೂ ಹೇಗೆ, ಅಸಲಿ ಜೋಡಿ ಜೋಳದ ಡಬ್ಬಿಯಲ್ಲಿದೆ. ತನ್ನ ಊಹೆ ಸರಿ ಎಂದು ಅವನಿಗೆ ಸಮಾಧಾನವಾಯಿತು. ರಾತ್ರಿ ಮನೆಯಲ್ಲಿ ಅವಳ ಬಳೆ ಕೇಳುತ್ತೇನೆ ಎಂದು ಎದೆ ಹಗುರಾಯಿತು.

ಅಷ್ಟರಲ್ಲಿ ದಾನಿಶ ಎರಡೂ ಕಿವಿ ಮುಚ್ಚಿಕೊಂಡ. “ಇದೇನ್ರಿ ಕಾಕಾ ಈ ಸೀಟಿ? ಹೊಸಾ ವಾಲ್ವ್ ಇದ್ರ ಹಿಂಗ ಚೀರತಾವಂತ ಅಬ್ಬಾ ಹೇಳ್ತಿದ್ರು. ಬದಲಿ ಮಾಡೀರೇನು?”

“ಎಲ್ಲೈತೋ ಸೀಟಿ?” ಎಂದು ಜ್ಯೋತಿಬಾ ಸ್ಪೀಕರಿಗೆ ಕಿವಿ ಹಚ್ಚಿದ. ಲಕ್ಷ್ಮಿಯ ಕೊರಳು, ಅಷ್ಟೇ. ಇನ್ನೊಂದು ಕಿವಿ ಹಚ್ಚಿದ. ಸುಗರಾ ಚಾಚಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ಸೀಟಿ ಹೊಡೀಲಿ ಬಿಡೋ ದಾನಿಶ. ಆಕಿ ಬಳಿ ಸದ್ದು ಕೇಳು, ಎಷ್ಟ್ ಸಾಫ್ ಐತಿ. ಇಲ್ಲೇ ಬಾಜೂಕ ಕುಂತಂಗ ಆಗತೈತಿ.” ದಾನಿಶ ಆಗಲೇ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚುತ್ತಿದ್ದ. ಜ್ಯೋತಿಬಾ ಅವನನ್ನು ತಡೆಯಲಿಲ್ಲ. ಚಾಚಿಯ ತಲೆ ಯಾವ ಬಳೆಗೆ ತೂಗುತ್ತಿದೆ ಎಂದು ನೋಡುತ್ತ ನಿಂತ. ಗಿರಣಿಯ ಗೋಡೆಗೆ ಬೆನ್ನು ಹಚ್ಚಿ ಕೂತ ಅಷ್ಟೂ ವರ್ಷ ಅವನು ಸಿಕ್ಕ ಸಿಕ್ಕ ವಾಲ್ವನ್ನೆಲ್ಲ ಅನುಮಾನಿಸಿದ್ದ, ತನ್ನ ಕಿವಿಯೊಂದನ್ನು ಬಿಟ್ಟು.