ಚಟ್ನಿಪುಡಿ ಡಬ್ಬಿಯಲ್ಲಿ ಸಕ್ಕರೆ

ಮಗಳು ನನ್ನ ಚೂಡಿದಾರದ ಮೇಲೆ ವಾಂತಿ ಮಾಡಿಕೊಂಡಿದ್ದಳು. ಅದನ್ನಿನ್ನೂ ಒರೆಸಿ ಮುಗಿಸಿರಲಿಲ್ಲ, ಅಷ್ಟರಲ್ಲಿ ಚನ್ನಮಲ್ಲಮ್ಮನವರ ಕೂಗು ಹಡಗಿನ ಎಂಜಿನ್ನಿನ ಸದ್ದನ್ನೂ ಮೀರಿ ಕೇಳಿಸಿತು.

“ನನ್ನ ಸರ! ನನ್ನ ಕಾಸಿನ ಸರ ಹೋಯ್ತು!”

ನಾವು ಗ್ರೀಸಿನ ಪಾರೋಸ್ ದ್ವೀಪದಿಂದ ಸಾಂಟೊರಿನಿಗೆ ಹೊರಟ ಫೆರಿಯಲ್ಲಿದ್ದೆವು. ದಿನಕ್ಕೊಂದು ದ್ವೀಪ, ದ್ವೀಪಕ್ಕೊಂದು ಹಡಗು, ಹಡಗು ಬದಲಾದಾಗಲೆಲ್ಲ ಸೂಟ್‌ಕೇಸುಗಳನ್ನು ಹತ್ತಿಸಿ ಇಳಿಸುವ ಕರ್ಮ. ಇದಕ್ಕೆ ರಜೆ ಎಂದು ಹೆಸರಿಟ್ಟವರು ಮಕ್ಕಳನ್ನು ಸಾಕಿದವರಲ್ಲ.

ಪ್ರವಾಸ ಏರ್ಪಡಿಸಿದ್ದವಳು ಶಿರಾದ ಹರ್ಷಿತಾ. ಧರ್ಮಸ್ಥಳಕ್ಕೆ, ತಿರುಪತಿಗೆ ಜನರನ್ನು ಕರೆದೊಯ್ಯುತ್ತಿದ್ದ ಹುಡುಗಿ, ಧೈರ್ಯ ಮಾಡಿ ಮೊದಲ ಸಲ ಸಮುದ್ರ ದಾಟಿಸಿದ್ದಳು. ಎಲ್ಲರೂ ಮೇಲಿನ ಡೆಕ್ಕಿಗೆ ಫೋಟೋ ತೆಗೆಸಿಕೊಳ್ಳಲು ಹೋಗಿದ್ದಾಗ ಕೆಳಗೆ ಚೀಲಗಳನ್ನು ಕಾದಿದ್ದವಳೂ ಅವಳೇ. ಹಾಗಾಗಿ ಕಳ್ಳಿ ಯಾರೆಂದು ಚನ್ನಮಲ್ಲಮ್ಮನವರ ಗಂಡ ಮಹಾಲಿಂಗಯ್ಯನವರು ಆಗಲೇ ತೀರ್ಮಾನಿಸಿಬಿಟ್ಟಿದ್ದರು.

“ಕಳ್ಳಂಬೆಳ್ಳದಿಂದ ಶಿರಾವರೆಗೆ ಎಲ್ರೂ ಇರೋ ಗ್ರೂಪಿಗೆ ಮೆಸೇಜ್ ಹಾಕ್ಬುಟ್ಟಿದೀನಿ,” ಎಂದು ಫೋನ್ ಎತ್ತಿ ತೋರಿಸಿದರು. “ಟೂರಿನ ಹುಡುಗಿ ಸರ ಕದ್ದವಳೆ, ಇವಳ ಜೊತೆ ಯಾರೂ ಟೂರ್ ಹೋಗಬ್ಯಾಡಿ ಅಂತ.”

ಸಮುದ್ರದ ನಡುವೆ ನೆಟ್‌ವರ್ಕ್ ಇರಲಿಲ್ಲ. ಸಂದೇಶದ ಪಕ್ಕದಲ್ಲಿ ಗಡಿಯಾರದ ಗುರುತು ನಿಂತಿತ್ತು. ದಡ ಹತ್ತಿರವಾದರೆ ಅದು ತಾನಾಗಿಯೇ ಹೋಗುತ್ತದೆ.

“ಅಳಿಸಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ,” ಎಂದಳು ಹರ್ಷಿತಾ. “ಅದು ಹೋದ್ರೆ ನಾಳೆಯಿಂದ ನನ್ನ ಆಫೀಸಿನ ಬಾಗಿಲು ತೆಗೆಯೋ ಹಂಗಿಲ್ಲ.”

“ಸರ ಸಿಗಲಿ, ಅಳಿಸ್ತೀನಿ.”

ಹುಡುಗಿ ನಮ್ಮ ಸೀಟಿನ ಕಡೆ ತಿರುಗಿದಳು. ನನ್ನ ಪಕ್ಕದಲ್ಲಿ ಕಣ್ಣುಮುಚ್ಚಿ ಕೂತಿದ್ದವರು ಗಂಗಾಂಬಿಕಾ ಮೇಡಂ. ಕೊರಟಗೆರೆಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ನಿವೃತ್ತರಾದವರು, ಮಧುಗಿರಿಯಲ್ಲಿ ನಮ್ಮ ಎದುರುಮನೆಯವರು. ನಮ್ಮ ಬೀದಿಯಲ್ಲಿ ಏನು ಕಳೆದರೂ ಜನ ಪೊಲೀಸ್ ಸ್ಟೇಷನ್ನಿಗೆ ಮುಂಚೆ ಅವರ ಜಗುಲಿಗೆ ಬರುತ್ತಾರೆ. ಅವರ ಹಿಂದೆ ತಿರುಗುವುದು ನನ್ನ ಪಾಲಿನ ಕೆಲಸ.

“ಮಧು, ಮಗೂನ ಎತ್ಕೊಂಡು ಬಾ,” ಎಂದು ಎದ್ದರು. “ಚನ್ನಮಲ್ಲಮ್ಮ, ಅಳು ಆಮೇಲೆ. ಸರ ಎಲ್ಲಿತ್ತು?”

“ಚಟ್ನಿಪುಡಿ ಡಬ್ಬೀಲಿ ಕಣಮ್ಮ.”

ಆ ಕಡ್ಲೆಕಾಯಿ ಚಟ್ನಿಪುಡಿಯನ್ನು ನಾವೆಲ್ಲ ಬಲ್ಲೆವು. ಆಕೆ ಡಬ್ಬಿಯನ್ನು ಕೈಬಿಡದೆ, ಮೇಲುಮೇಲಿನಿಂದ ಒಂದೊಂದು ಚಮಚ ತೆಗೆದು ಕೇಳಿದವರಿಗೆಲ್ಲ ಕೊಡುತ್ತಿದ್ದರು. ಪಾರೋಸಿನಲ್ಲಿ ಒಬ್ಬ ಗ್ರೀಕ್ ಅಜ್ಜಿಗೂ ಕೊಟ್ಟು ಸೀನಿಸಿದ್ದರು. ಈ ದಿನ ಫೋಟೋ ಹುಚ್ಚಿನಲ್ಲಿ ಗಂಡಹೆಂಡಿರು ಊಟಕ್ಕೆ ಎಲ್ಲರಿಗಿಂತ ತಡವಾಗಿ ಕೂತಿದ್ದರು. ಪುಡಿಗೆಂದು ಚೀಲದಿಂದ ಡಬ್ಬಿ ತೆಗೆದರೆ, ಅದು ಹಗುರ.

ಮೇಡಂ ಮುಚ್ಚಳ ತೆಗೆದರು. ಡಬ್ಬಿಯನ್ನು ಯಾರೋ ತೊಳೆದಿದ್ದರು. ಅಂಚಿನಲ್ಲಿ ಇನ್ನೂ ನೀರಿನ ಪಸೆ ಇತ್ತು. ಒಳಗೆ, ಹಡಗಿನ ಕಾಫಿ ಅಂಗಡಿಯಲ್ಲಿ ಕೊಡುವ ಸಕ್ಕರೆಯ ಕಾಗದದ ಪೊಟ್ಟಣಗಳು.

“ಬಾಯಿ ಸಿಹಿ ಮಾಡ್ಕೋ ಅಂತ ಅಣಕಿಸವಳೆ!” ಮಹಾಲಿಂಗಯ್ಯ ಗುಡುಗಿದರು.

“ಸರ ಇದರಲ್ಲಿದೆ ಅಂತ ಯಾರಿಗೆ ಗೊತ್ತಿತ್ತು?” ಮೇಡಂ ಕೇಳಿದರು.

“ಯಾರ್ಗೂ ಇಲ್ಲ. ಮನೇಲಿ ಬುಟ್ಟು ಬರೋಕೂ ಭಯ, ಮೈಮೇಲೆ ಹಾಕ್ಕಳೋಕೂ ಭಯ. ಬಟ್ಟೇಲಿ ಸುತ್ತಿ ತಳಕ್ಕೆ ಇಟ್ಟಿದ್ದೆ. ಖಾರದ ಪುಡಿಗೆ ಯಾವ ಕಳ್ಳ ಕೈ ಹಾಕ್ತಾನೆ?”

“ನಂಗೂ ಹೇಳ್ಲಿಲ್ವೇನೇ?” ಗಂಡ ಬಾಯಿಬಿಟ್ಟರು.

“ಹೇಳಿದ್ರೆ ಗ್ರೂಪಿಗೆ ಹಾಕ್ತಿದ್ರಿ.”

ಮೇಡಂ ನನ್ನ ಕಡೆ ತಿರುಗಿದರು. “ಊಟದ ಪೊಟ್ಟಣ ಬಳಿದು ಕಸದ ಚೀಲಕ್ಕೆ ಹಾಕಿದ್ದು ನೀನಲ್ವಾ? ಯಾರು ಎಷ್ಟು ಬಿಟ್ಟಿದ್ರು?”

ಅದೂ ನನ್ನ ಪಾಲಿಗೇ ಬಂದಿತ್ತು, ಹೌದು. ಸಪ್ಪೆ ಅನ್ನ, ಗಟ್ಟಿ ಮೊಸರು. ನಾನು, ಮೇಡಂ, ಹರ್ಷಿತಾ ಎಲ್ಲರೂ ಅರ್ಧಕ್ಕರ್ಧ ಬಿಟ್ಟಿದ್ದೆವು. ಕದರಮ್ಮನವರ ಪೊಟ್ಟಣ ಮಾತ್ರ ನೆಕ್ಕಿದ ಹಾಗೆ ಚೊಕ್ಕಟವಾಗಿತ್ತು. ಪಾವಗಡದ ಕಡೆ ರಾಯಚರ್ಲುವಿನ ಆಕೆ ತಲೆ ಸುತ್ತುತ್ತದೆಂದು ಡೆಕ್ಕಿಗೂ ಬಂದಿರಲಿಲ್ಲ. ಹಿಂದಿನ ಸೀಟಿನಲ್ಲಿ ಗೋಡೆಗೆ ಮುಖ ಮಾಡಿ ಒಬ್ಬರೇ ಊಟ ಮಾಡಿದ್ದರು. ಹಾಗೆಂದು ಹೇಳಿದೆ.

ಕಿಟಕಿಯಾಚೆ ಸಾಂಟೊರಿನಿಯ ಕಪ್ಪು ಬಂಡೆಗಳು ಕಾಣತೊಡಗಿದ್ದವು. ಮೇಡಂ ನಮ್ಮನ್ನೆಲ್ಲ ಹಿಂದಿನ ಸೀಟುಗಳ ಬಳಿ ಕೂರಿಸಿದರು. ಹರ್ಷಿತಾ ಮಾತ್ರ ಮಹಾಲಿಂಗಯ್ಯನವರ ಫೋನನ್ನೇ ನೋಡುತ್ತ ನಿಂತಿದ್ದಳು.

“ಸರದ ವಿಷಯ ಯಾರಿಗೂ ಗೊತ್ತಿರಲಿಲ್ಲ,” ಮೇಡಂ ಶುರುಮಾಡಿದರು. “ಅಂದಮೇಲೆ ಸರ ಕದಿಯೋಕೆ ಡಬ್ಬಿಗೆ ಯಾರೂ ಕೈ ಹಾಕಿಲ್ಲ. ಕೈ ಹಾಕಿದ್ದು ಚಟ್ನಿಪುಡಿಗೆ.”

“ಚಟ್ನಿಪುಡೀನ ಯಾರಮ್ಮ ಕದೀತಾರೆ?” ಮಹಾಲಿಂಗಯ್ಯ ಸಿಡುಕಿದರು.

“ವಾರದಿಂದ ಬ್ರೆಡ್ಡು ತಿಂದವರು. ಸುಮ್ನೆ ಕೇಳಿ. ಹೊರಗಿನ ಕಳ್ಳ ಡಬ್ಬಿ ಬಿಸಾಡಿ ಹೋಗ್ತಾನೆ. ಇವರು ತೊಳೆದು, ಒಳಗೆ ಸಕ್ಕರೆ ಇಟ್ಟು, ಇದ್ದ ಚೀಲಕ್ಕೇ ವಾಪಸ್ ಇಟ್ಟಿದ್ದಾರೆ. ಅಣಕ ಅಲ್ಲ ಇದು, ರೂಢಿ. ಪಕ್ಕದ ಮನೆಯ ಪಾತ್ರೆಯನ್ನ ಖಾಲಿ ವಾಪಸ್ ಕೊಡ್ತೀವಾ ನಾವು? ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆ ಹಾಕ್ತೀವಿ. ಡಬ್ಬಿ ಖಾಲಿ ಮಾಡಿದ್ದು ನಮ್ಮೂರ ಕಡೆಯ ಹೆಂಗಸಿನ ಕೈ.”

“ಹರ್ಷಿತಾನೂ ನಮ್ಮ ಕಡೆಯೋಳೇ ಅಲ್ವಾ?” ನನಗೆ ತಡೆಯಲಾಗಲಿಲ್ಲ.

“ಅವಳು ಯಾಕೆ ಕದೀಬೇಕು? ಕೇಳಿದ್ದರೆ ಚನ್ನಮಲ್ಲಮ್ಮ ಎರಡು ಚಮಚ ಹೆಚ್ಚಿಗೇ ಹಾಕ್ತಿದ್ರು. ನೀನೂ ಕೇಳಬಹುದಿತ್ತು, ನಾನೂ ಕೇಳಬಹುದಿತ್ತು. ಬಾಯಿಬಿಟ್ಟು ಕೇಳೋಕೆ ಆಗದಿದ್ದವರು ಒಬ್ಬರೇ. ಆ ಸಪ್ಪೆ ಅನ್ನ ಪೂರ್ತಿ ಉಂಡವರೂ ಅವರೇ.”

ಯಾರೂ ಹೆಸರು ಹೇಳಬೇಕಾಗಲಿಲ್ಲ. ವಿಮಾನದಲ್ಲಿ ಕಿಟಕಿ ಸೀಟಿಗಾಗಿ ಚನ್ನಮಲ್ಲಮ್ಮನ ಜೊತೆ ಜಗಳವಾಡಿ, ‘ನಿನ್ನ ಚಟ್ನಿಪುಡಿ ನೀನೇ ತಿನ್ಕೋ’ ಎಂದು ಮಾತುಬಿಟ್ಟಿದ್ದವರು ಕದರಮ್ಮ. ಆಗಿನಿಂದ ಅವರಿಬ್ಬರ ನಡುವೆ ಕೂತು ‘ಅವರಿಗೆ ಹೇಳು, ಇವರಿಗೆ ಹೇಳು’ ಎನ್ನಿಸಿಕೊಂಡು ಬೆಂದಿದ್ದವಳು ನಾನು.

“ಏಮಮ್ಮಾ, ನನ್ನ ಕಡೆ ಯಾಕ್ ನೋಡ್ತೀರಿ?” ಎಂದ ಕದರಮ್ಮನ ದನಿ ಅರ್ಧಕ್ಕೇ ಬಿದ್ದುಹೋಯಿತು. “ಹುಡುಗಿ ಅತ್ಲಾಗೆ ತಿರುಗಿದ್ದಾಗ, ಒಂದು ಹಿಡಿ ತಕ್ಕಳಾನ ಅಂತ ಬಾತ್‌ರೂಮಿಗೆ ತಗೊಂಡೋದೆ. ಹಡಗು ವಾಲ್ತು. ಎಲ್ಲಾ ನನ್ನ ಕವರಿಗೇ ಸುರಿದೋಯ್ತು. ಹೊರಗ್ಯಾರೋ ಬಾಗಿಲು ಬಡೀತಿದ್ರು, ಮತ್ತೆ ತುಂಬೋಕಾಗ್ಲಿಲ್ಲ. ಸರ ನಾನು ನೋಡೇ ಇಲ್ಲ, ದೇವರಾಣೆ. ಪುಡಿ ತಗೊಂಡೆ ಅಂದ್ರೆ ಸರಾನೂ ನಾನೇ ಕದ್ದೆ ಅಂತೀರಲ್ಲ!”

“ಅದಕ್ಕೆ ಈ ಹುಡುಗಿ ಕದ್ದಳು ಅಂದಾಗ ಸುಮ್ನಿದ್ರಾ?” ಮೇಡಂ ಕೇಳಿದರು.

ಕದರಮ್ಮ ಕೈಚೀಲವನ್ನು ಎದೆಗೆ ಒತ್ತಿಕೊಂಡರು.

“ಕವರ್ ತೆಗೀರಿ. ಕೆಳಗಿನವರೆಗೂ ಕೈ ಹಾಕಿ.”

ಅವರು ಕೈಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದು ಮಣಿಕಟ್ಟಿನವರೆಗೆ ಕೆಂಪಾಗುವ ಹಾಗೆ ಕೆದಕಿದರು. ಎಣ್ಣೆ ಹೀರಿದ ಬಟ್ಟೆಯ ಗಂಟೊಂದು ಬಂತು. ಬಿಚ್ಚಿದರೆ, ಖಾರ ಮೆತ್ತಿಕೊಂಡ ಕಾಸಿನ ಸರ.

“ಅಳಿಸಿ ಸಾರ್!” ಹರ್ಷಿತಾ ಕೂಗಿದಳು.

ಮಹಾಲಿಂಗಯ್ಯ ಕನ್ನಡಕ ಹುಡುಕಿಕೊಂಡು ತೆರೆಯ ಮೇಲೆ ಬೆರಳಿಡುವಷ್ಟರಲ್ಲಿ ಫೋನು ಗುಂಯ್‌ಗುಟ್ಟಿತು. ಗಡಿಯಾರದ ಗುರುತು ಹೋಗಿ ಟಿಕ್ ಬಿದ್ದಿತ್ತು. ಸಂದೇಶವನ್ನು ಅಳಿಸಿದರೂ ಪ್ರಶ್ನೆಗಳು ಸುರಿಯತೊಡಗಿದವು. ಯಾರ ಸರ? ಯಾವ ಹುಡುಗಿ? ಶಿರಾದವಳಾ? ನಾನು ಹಣೆ ಚಚ್ಚಿಕೊಂಡೆ. ಹರ್ಷಿತಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ಕುಸಿದು ಕೂತಳು.

ಕದರಮ್ಮ ಎದ್ದು ಬಂದರು. “ಕೊಡಯ್ಯ ಇಲ್ಲಿ. ಮಧು, ಮಾತಾಡೋದು ಯಾವ್ದು ಒತ್ತಬೇಕು?”

ಒತ್ತಿ ಹಿಡಿದುಕೊಟ್ಟೆ.

“ಎಲ್ರೂ ಕೇಳ್ರಪ್ಪ. ನಾನು ರಾಯಚರ್ಲು ಕದರಮ್ಮ. ಆ ಹುಡುಗಿ ಏನೂ ಮುಟ್ಟಿಲ್ಲ, ಬಂಗಾರದಂತೋಳು. ಚನ್ನಮಲ್ಲಮ್ಮನ ಚಟ್ನಿಪುಡಿ ಕದ್ದೋಳು ನಾನು. ಸರ ಅದ್ರೊಳಗೆ ಬಂದ್ಬುಟ್ಟಿತ್ತು, ಸಿಕ್ಕೈತೆ. ನಗೋರು ನನ್ನ ನೋಡಿ ನಗ್ರಿ, ಅವಳ ತಂಟೆಗೆ ಬರಬ್ಯಾಡ್ರಿ.”

ವಾರವೆಲ್ಲ ಬಿಗಿದುಕೊಂಡಿದ್ದ ಆ ಮುಖದಲ್ಲಿ ನೀರು ಇಳಿಯುತ್ತಿತ್ತು. ಚನ್ನಮಲ್ಲಮ್ಮ ಸರವನ್ನು ಸೆರಗಿಗೆ ಒರೆಸುವುದನ್ನು ನಿಲ್ಲಿಸಿ ಫೋನಿನ ಕಡೆ ಬಾಗಿದರು. “ಕದ್ದಿಲ್ಲ ಕಣ್ರೀ. ಕೇಳಿದ್ರೆ ಕೊಡ್ತಿದ್ದೆ.”

ಹಡಗಿನ ಬಾಗಿಲು ಇಳಿಯುವ ಸದ್ದಾಯಿತು. ಹರ್ಷಿತಾ ಕಣ್ಣೊರೆಸಿಕೊಂಡು ಎದ್ದಳು. ವಾರವೆಲ್ಲ ‘ಅಮ್ಮಾ, ಸಾರ್’ ಎಂದು ಬಗ್ಗಿ ನಡೆದಿದ್ದ ಹುಡುಗಿ ಮೊದಲ ಸಲ ನಮ್ಮ ಮೇಲೆ ದನಿ ಎತ್ತಿದಳು.

“ಇನ್ನೊಂದ್ಸಲ ನನ್ನ ಟೂರಿಗೆ ಬಂಗಾರ ತಂದೋರನ್ನ ಏರ್‌ಪೋರ್ಟಲ್ಲೇ ಬುಟ್ಟು ಹೋಗ್ತೀನಿ. ಎದ್ದೇಳ್ರಿ, ಎತ್ರಿ ಲಗೇಜು!”

ಮಹಾಲಿಂಗಯ್ಯ ತಮ್ಮ ಸೂಟ್‌ಕೇಸು ಎತ್ತಿದರು. ಒಂದು ಗಳಿಗೆ ನಿಂತು, ಹರ್ಷಿತಾಳದ್ದನ್ನೂ ಎತ್ತಿಕೊಂಡು ಮುಂದೆ ನಡೆದರು.