ಹನ್ನೊಂದನೇ ದಿನದ ಸೊಪ್ಪು

"ಕಳ್ಳಿ ಅಂತ ಬರೆದಿದ್ದಾರೆ ಚಂದ್ರಣ್ಣ! ಬೋರ್ಡಿನ ಮೇಲೆ, ನನ್ನ ಹೆಸರಿನ ಮುಂದೆ!"

ವಾಣಿಶ್ರೀ ತನ್ನ ನೋಟ್‌ಬುಕ್ಕನ್ನು ನನ್ನ ಜೆರಾಕ್ಸ್ ಅಂಗಡಿಯ ಮೇಜಿಗೆ ಕುಕ್ಕಿದ ರಭಸಕ್ಕೆ ಇಡೀ ಮುಳಬಾಗಿಲು ಪೇಟೆ ನಡುಗಿತು. ಬೆಟ್ಟದ ಮೇಲಿಂದ ಕಡಿಮೆಯೆಂದರೂ ನಾಲ್ಕು ಬಂಡೆ ಉರುಳಿರಬೇಕು.

ನನ್ನನ್ನು ಅರಿಯದ ದುರದೃಷ್ಟವಂತರಿಗೆ ಹೇಳಿಬಿಡುತ್ತೇನೆ. ನಾನು ಚಂದ್ರಮೋಹನ್. ಇಲ್ಲಿಂದ ತಿರುಪತಿಯವರೆಗೆ ನನ್ನ ಮಿಷನ್ನಿನಷ್ಟು ಚೊಕ್ಕವಾಗಿ ಪ್ರತಿ ತೆಗೆಯುವ ಮಿಷನ್ ಇನ್ನೊಂದಿಲ್ಲ. ನನ್ನಂಥ ಧಾರಾಳಿಯೂ ಇಲ್ಲ. ಕೆಟ್ಟ ಪ್ರತಿಗಳ ಹಿಂಬದಿ ಖಾಲಿ ಇರುತ್ತದಲ್ಲ? ರಫ್ ಹಾಳೆಗೆ ಆಗಲಿ ಅಂತ ಓದುವ ಮಕ್ಕಳಿಗೆ ಕಟ್ಟುಗಟ್ಟಲೆ ಬಿಟ್ಟಿ ಹಂಚುತ್ತೇನೆ.

ನನ್ನ ಅಂಗಡಿಯ ಮಹಡಿಯಲ್ಲಿ ಸುಬ್ರಹ್ಮಣ್ಯ ಅವರ ಕಂಪ್ಯೂಟರ್ ಸೆಂಟರ್. ಅಲ್ಲಿ ಪೈಥಾನ್ ಇಂಟರ್‌ಮೀಡಿಯೆಟ್ ಸರ್ಟಿಫಿಕೇಟ್ ಪರೀಕ್ಷೆಗೆ ಆರು ಜನ ಎಂಟು ತಿಂಗಳಿಂದ ತಯಾರಾಗುತ್ತಿದ್ದರು. ಪರೀಕ್ಷೆ ನಾಳೆ. ವಾಣಿಶ್ರೀ ತಾಯಲೂರು ಕಡೆಯವಳು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಪಾಸಾದರೆ ಕೋಲಾರದ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಗಟ್ಟಿ. ಆದರೆ ಪರೀಕ್ಷೆಗೆ ಕೂರುವವರ ಪಟ್ಟಿ ಸಂಜೆ ಐದರೊಳಗೆ ಹೋಗಬೇಕು. ಈಗ ನಾಲ್ಕು ಗಂಟೆ. ಪಟ್ಟಿಯಲ್ಲಿ ಅವಳ ಹೆಸರಿಲ್ಲ!

"ಸರಿಯಾಗಿ ಹೇಳೇ, ಏನಾಯ್ತು?"

ಕೇಳಿದವರು ಆಗಲೇ ಅಂಗಡಿಯಲ್ಲಿದ್ದ ಅಂಬಾಬಾಯಿ. ಬ್ಯಾಂಕಿನಿಂದ ನಿವೃತ್ತರು, ಅರವತ್ತಾರು ವರ್ಷ. ಅದೇ ಪರೀಕ್ಷೆಗೆ ಮೊಮ್ಮಕ್ಕಳ ವಯಸ್ಸಿನವರ ಜೊತೆ ಕೂತು ಓದುತ್ತಿದ್ದರು. ಅವರ ಕಣ್ಣು ಹದ್ದಿನದಲ್ಲ. ಹದ್ದುಗಳೇ ಅವರ ಹತ್ತಿರ ಟ್ಯೂಷನ್ನಿಗೆ ಬರಬೇಕು.

"ಕೊನೇ ಪ್ರಾಜೆಕ್ಟಲ್ಲಿ ನನ್ನ ಪ್ರೋಗ್ರಾಮೂ ಕೌಸ್ತುಭ್‌ದೂ ಒಂದೇ ಅಂತೆ ಅಂಬಮ್ಮ. ಅವನು ಬುಧವಾರ ಕೊಟ್ಟ, ನಾನು ಗುರುವಾರ. ಅದಕ್ಕೆ ಕದ್ದವಳು ನಾನಂತೆ! ನೋಟ್‌ಬುಕ್ಕಲ್ಲಿ ಬರೆದು ಸೋಮವಾರವೇ ಇಲ್ಲಿ ಜೆರಾಕ್ಸ್ ಮಾಡಿಸಿದ್ದೆ. ಅಲ್ವಾ ಚಂದ್ರಣ್ಣ?"

"ಮಾಡಿದವನು ನಾನೇ! ನಡಿ, ಒಂದೇ ಮಾತಿಗೆ ಮುಗಿಸ್ತೀನಿ!"

ಹದಿನೆಂಟು ಮೆಟ್ಟಿಲನ್ನು ಎರಡೇ ನೆಗೆತಕ್ಕೆ ಹತ್ತಿ ಸಾಕ್ಷಿ ಹೇಳಿದೆ. ಸುಬ್ರಹ್ಮಣ್ಯ ನಕ್ಕರು.

"ನಿನ್ನ ಸಾಕ್ಷಿನಾ? ಹೋದ ವಾರ ತಾನೇ ದಿನಕ್ಕೆ ಲಕ್ಷ ಪ್ರತಿ ತೆಗೀತೀನಿ ಅಂದೆಯಲ್ಲಯ್ಯಾ! ನಿನ್ನ ಮಾತು ನಂಬಿಕೊಂಡು ನಾನು ಪಟ್ಟಿ ಕಳಿಸಬೇಕಾ?"

ಲಕ್ಷ ಅಂದಿರಲಿಲ್ಲ, ಎಂಬತ್ತು ಸಾವಿರ ಅಂದಿದ್ದೆ. ನಿಜ ಹೇಳಿದ ಒಂದೇ ಒಂದು ದಿನ ನನ್ನನ್ನು ನಂಬುವವರಿಲ್ಲ!

"ನೋಟ್‌ಬುಕ್ ಇದೆಯಲ್ಲ ಸಾರ್?" ವಾಣಿಶ್ರೀ ಕಿರುಚಿದಳು.

"ಅದನ್ನ ಆಮೇಲೂ ಬರೀಬಹುದು."

ಮೂಲೆಯಲ್ಲಿ ಕೌಸ್ತುಭ್ ತಿರುಗುವ ಕುರ್ಚಿಯಲ್ಲಿ ಗಿರಗಿರ ಸುತ್ತುತ್ತಿದ್ದ. ಸುಬ್ರಹ್ಮಣ್ಯ ಅವರ ಅಕ್ಕನ ಮಗ. ಅಂಬಾಬಾಯಿ ಎರಡೂ ಪ್ರೋಗ್ರಾಮುಗಳ ಪ್ರಿಂಟ್ ಪಕ್ಕಪಕ್ಕ ಇಟ್ಟುಕೊಂಡರು.

"ಪೂರ್ತಿ ಒಂದೇನಾ?"

"ಒಂದು ಸಾಲು ಬಿಟ್ಟು," ಅಂದರು ಸುಬ್ರಹ್ಮಣ್ಯ. "ರೇಷ್ಮೆ ಹುಳುವಿಗೆ ದಿನಾ ಎಷ್ಟು ಸೊಪ್ಪು ಹಾಕಬೇಕು ಅಂತ ಲೆಕ್ಕ ಕೊಡೋ ಪ್ರೋಗ್ರಾಮ್. ಇವನದರಲ್ಲಿ ಇಪ್ಪತ್ನಾಲ್ಕು ದಿನ, ಅದರಲ್ಲಿ ಮೂರು ದಿನ ಸೊಪ್ಪು ಸೊನ್ನೆ. ಇವಳದರಲ್ಲಿ ಒಂದು ದಿನ ಹೆಚ್ಚು, ಒಂದು ಸೊನ್ನೆ ಹೆಚ್ಚು. ಕದ್ದವರು ಗೊತ್ತಾಗದಿರಲಿ ಅಂತ ಏನಾದ್ರೂ ಒಂದು ಸೇರಿಸ್ತಾರೆ. ಹಳೇ ಆಟ."

"ಕೌಸ್ತುಭ್, ಈ ಸೊನ್ನೆ ಯಾಕಪ್ಪಾ?"

ಕುರ್ಚಿ ನಿಂತಿತು. "ಅದು... ಅವತ್ತು ರಜಾ ಅಜ್ಜಿ."

"ಯಾರಿಗೆ?"

"ಸೊಪ್ಪು ತರೋರಿಗೆ."

"ಏನ್ಲಾ ಅಂದೆ?" ವಾಣಿಶ್ರೀ ಸಿಡಿದಳು. "ರಜಾನಾ? ಬಂದು ನಮ್ಮಮ್ಮನ ಮುಂದೆ ಹೇಳು ಆ ಮಾತು! ಹಬ್ಬ ಇಲ್ಲ, ಮದುವೆ ಇಲ್ಲ, ಮೈಗೆ ಹುಷಾರಿಲ್ದಿದ್ರೂ ಎದ್ದು ಸೊಪ್ಪು ಹಾಕ್ತಾಳೆ. ಅದು ಹುಳು ಪೊರೆ ಬಿಡೋ ದಿನ ಕಣೋ! ತಲೆ ಎತ್ಕೊಂಡು ಅಲ್ಲಾಡದೆ ಕೂತಿರ್ತವೆ, ಒಂದೆಲೆನೂ ಮುಟ್ಟಲ್ಲ. ನಾಲ್ಕು ಸಲ ಪೊರೆ ಬಿಡ್ತವೆ. ನಾಲ್ಕು! ಮೂರಕ್ಕೇ ಗೂಡು ಕಟ್ಟೋ ಹುಳು ನಿಮ್ಮನೇಲಿದ್ರೆ ತಂದು ತೋರಿಸು!"

"ಹುಡುಗ ಲೆಕ್ಕ ತಪ್ಪಿರಬಹುದು," ಸುಬ್ರಹ್ಮಣ್ಯ ಗೊಣಗಿದರು. "ತಪ್ಪು ಮಾಡಿದವನೆಲ್ಲ ಕಳ್ಳ ಅಲ್ಲ."

ಗೋಡೆ ಗಡಿಯಾರದಲ್ಲಿ ನಾಲ್ಕೂವರೆ.

"ನಿಜ," ಅಂದರು ಅಂಬಾಬಾಯಿ. ದನಿ ತಣ್ಣಗಿತ್ತು. ಅವರ ಸಿಟ್ಟು ಏರಿದಷ್ಟೂ ದನಿ ಇಳಿಯುತ್ತದೆ. "ಆದರೆ ಇಪ್ಪತ್ತೈದು ದಿನದಲ್ಲಿ ಹನ್ನೊಂದನೇ ದಿನವನ್ನೇ ಯಾಕೆ ಬಿಟ್ಟ? ಚಂದ್ರ, ಸೋಮವಾರ ಈ ನೋಟ್‌ಬುಕ್ ಮಿಷನ್ ಮೇಲೆ ಹೇಗೆ ಇಟ್ಟೆ? ಒಂದೊಂದೇ ಪುಟವೋ, ಬಿಡಿಸಿ ಎರಡೂ ಪುಟ ಒಟ್ಟಿಗೋ?"

ನಾನು ತಲೆ ಕೆರೆದುಕೊಂಡೆ. "ಮೊದಲು ಎರಡೂ ಒಟ್ಟಿಗೆ. ಆಮೇಲೆ ಒಂದೊಂದೇ."

"ಎರಡು ಸಲ ಯಾಕೆ ತೆಗೆದೆ?"

"ಮೊದಲನೇದು ಸ್ವಲ್ಪ..."

"ಬನ್ನಿ ಎಲ್ಲರೂ ಕೆಳಗೆ."

ನನ್ನ ಕೈಯಲ್ಲೇ ನೋಟ್‌ಬುಕ್ ಬಿಡಿಸಿ ಇಡಿಸಿದರು. ಗುಂಡಿ ಒತ್ತಿಸಿದರು. ಹಾಳೆ ಹೊರಬಂತು. ಈ ತುದಿಯಿಂದ ಆ ತುದಿಗೆ ಕಾಡಿಗೆ ಎಳೆದಂತೆ ದಪ್ಪ ಕಪ್ಪು ಗೆರೆ! ಮೂರು ತಿಂಗಳಿಂದ ಊರಿಗೆಲ್ಲ ಮುಚ್ಚಿಟ್ಟಿದ್ದ ನನ್ನ ಮಿಷನ್ನಿನ ಮಾನ ನಡುಬೀದಿಯಲ್ಲಿ ಹರಾಜಾಯಿತು.

"ನನ್ನ ನೋಟ್ಸಿನಲ್ಲೂ ಈ ಗೆರೆ ಇತ್ತು. ಕೇಳಿದ್ದಕ್ಕೆ ಡಿಸೈನ್ ಅಂದಿದ್ದ ಈ ಮಹಾನುಭಾವ," ಅಂದರು ಅಂಬಾಬಾಯಿ. "ಒಂದೇ ಪುಟ ಇಟ್ರೆ ಗೆರೆ ಅಂಚಿಗೆ ಬೀಳುತ್ತೆ, ಯಾರಿಗೂ ಕಾಣಲ್ಲ. ಎರಡು ಪುಟ ಒಟ್ಟಿಗೆ ಇಟ್ರೆ ಬರಹದ ಮೇಲೇ ಅಡ್ಡ ಬೀಳುತ್ತೆ. ಎಲ್ಲಿ ಬಿದ್ದಿದೆ ನೋಡಿ ಸುಬ್ರಹ್ಮಣ್ಯ."

ಅವರು ಬಗ್ಗಿ ನೋಡಿದರು. ಹತ್ತನೇ ದಿನ ಕಾಣುತ್ತಿತ್ತು. ಹನ್ನೆರಡನೇ ದಿನ ಕಾಣುತ್ತಿತ್ತು. ನಡುವಿನ ಸಾಲು ಪೂರ್ತಿ ಕಪ್ಪು. ಎದುರು ಪುಟದಲ್ಲಿ ಆ ಜಾಗ ಖಾಲಿ.

"ನೋಟ್‌ಬುಕ್ಕಿನಲ್ಲಿರೋ ಸಾಲು ಈ ಕೆಟ್ಟ ಪ್ರತಿಯಲ್ಲಿಲ್ಲ. ಕೌಸ್ತುಭನ ಪ್ರೋಗ್ರಾಮಿನಲ್ಲೂ ಇಲ್ಲ. ಹಾಗಾದ್ರೆ ಅವನು ಯಾವುದನ್ನ ನೋಡಿಕೊಂಡು ಬರೆದ? ಚಂದ್ರ, ಕೆಟ್ಟ ಪ್ರತಿಗಳನ್ನ ಏನು ಮಾಡ್ತೀಯ?"

"ಬಿಟ್ಟಿ ಕೊಡ್ತೀನಿ..." ನನ್ನ ದನಿ ನನಗೇ ಕೇಳಲಿಲ್ಲ. "ಮಂಗಳವಾರ ಒಂದು ಕಟ್ಟು ಕೌಸ್ತುಭನಿಗೆ ಕೊಟ್ಟೆ."

"ಕಳ್ಳ ಇವನು," ಅಂದರು ಅಂಬಾಬಾಯಿ.

ಕೌಸ್ತುಭನ ಕೈ ಬ್ಯಾಗನ್ನು ಅಪ್ಪಿಕೊಂಡಿತು. ಸುಬ್ರಹ್ಮಣ್ಯ ಕಿತ್ತುಕೊಂಡು ರಫ್ ಹಾಳೆಗಳನ್ನು ಒಂದೊಂದಾಗಿ ಮಗುಚಿದರು. ಐದನೆಯದರ ಹಿಂದೆ ವಾಣಿಶ್ರೀಯ ಅಕ್ಷರ. ನಟ್ಟನಡುವೆ ನನ್ನ ಗೆರೆ.

"ಮಾಮ, ನಾನು..."

"ಮುಚ್ಚೋ ಬಾಯಿ!"

"ಅವನನ್ನ ಬೈಯೋದು ಆಮೇಲೆ ಸಾರ್," ವಾಣಿಶ್ರೀ ಅಡ್ಡ ನಿಂತಳು. "ಮೊದಲು ಬೋರ್ಡ್ ಒರೆಸಿ. ಬರೆದ ಕೈಯಲ್ಲೇ."

ಅವರು ಮಹಡಿ ಹತ್ತಿ ಒರೆಸಿದರು. ಐದಕ್ಕೆ ಹತ್ತು ನಿಮಿಷವಿರುವಾಗ ಪಟ್ಟಿ ಹೋಯಿತು. ಕೌಸ್ತುಭ್ ಹೊರಗೆ, ವಾಣಿಶ್ರೀ ಒಳಗೆ.

ಬಸ್ಸಿಗೆ ಹೊರಟವಳು ಅಂಗಡಿಗೆ ಬಂದಳು. ಜೊತೆಗೆ ಅಂಬಾಬಾಯಿ.

"ನಿಮ್ಮ ಮೇಲಿನ ಕೋಪ ಇನ್ನೂ ಇಳಿದಿಲ್ಲ ಚಂದ್ರಣ್ಣ. ಅಂಬಮ್ಮಂಗೆ ನನ್ನ ನೋಟ್ಸ್ ಹತ್ತು ಪುಟ ಕಾಪಿ ಬೇಕು. ಕೆಟ್ಟರೆ ಕೆಟ್ಟದ್ದೂ ನನ್ನ ಕೈಗೇ ಕೊಡಬೇಕು."

"ಎಷ್ಟು ಹೊತ್ತಾಗುತ್ತೆ?" ಅಂಬಾಬಾಯಿ ಕನ್ನಡಕದ ಮೇಲಿಂದ ನೋಡಿದರು.

ಕಣ್ಣು ಮಿಟುಕಿಸೋದರೊಳಗೆ ಅನ್ನಲು ಬಾಯಿ ತೆರೆದೆ. ಮುಚ್ಚಿದೆ.

"ಹತ್ತು ನಿಮಿಷ ಆಗುತ್ತಮ್ಮ," ಅಂದೆ. "ಒಂದೊಂದೇ ಪುಟ ಇಡಬೇಕು. ಮಿಷನ್ ಕೆಟ್ಟಿದೆ."