ಬೊಮ್ಮಕ್ಕನ ತಗಡಿನ ಕ್ಯಾಮರಾ

ಬಹಳ ಹಿಂದೆ, ಏಳು ಬೆಟ್ಟಗಳಾಚೆ, ಸಂಪಿಗೆನಾಡೆಂಬ ರಾಜ್ಯವಿತ್ತು. ಅಲ್ಲಿ ಹಾರುವ ಮಂಚವಿತ್ತು, ಮಾತಾಡುವ ಹುಲಿಯಿತ್ತು, ಟೇಪು ಹಾಕುವ ಕ್ಯಾಮರಾವೂ ಇತ್ತು. ಹುಲಿ ಮಾತಾಡಿತು ಎಂದರೆ ತಲೆಯಾಡಿಸುವವರು ಕ್ಯಾಮರಾ ಎಂದೊಡನೆ ಹುಬ್ಬೇರಿಸಬೇಡಿ. ಇತ್ತು ಎಂದರೆ ಇತ್ತು.

ಆ ರಾಜ್ಯದಲ್ಲಿ ಕ್ಯಾಮರಾ ಎರಡು ಬಗೆ. ಒಂದು ಅರಮನೆಯದು. ಪೂರ್ತಿ ಚಿನ್ನ, ಎತ್ತಲು ಎಂಟು ಜನ ಬೇಕು, ಅದರ ಮುಂದೆ ರಾಜರು ಉಸಿರು ಬಿಗಿಹಿಡಿದು ಗೊಂಬೆಗಳ ಹಾಗೆ ನಿಲ್ಲುತ್ತಿದ್ದರು. ಇನ್ನೊಂದು ಪೇಟೆಯಲ್ಲಿ ಸಿಗುವ ತಗಡಿನದು. ಹಬ್ಬಕ್ಕೆ ಒಂದು ಸೀರೆ ಕಡಿಮೆ ಕೊಂಡರೆ ಬಡವರ ಮನೆಗೂ ಬರುತ್ತಿತ್ತು.

ಪಾತ್ರೆಗಳಿಗೆ ಕಲಾಯಿ ಹಾಕಿ ಬದುಕುವ ಬೊಮ್ಮಕ್ಕ ಹಾಗೆ ಸೀರೆ ಬಿಟ್ಟು ಕ್ಯಾಮರಾ ಕೊಂಡವಳು. ಕೈಗೆ ಮಸಿ ಮೆತ್ತಿದ್ದರೂ ಸರಿ, ಅದನ್ನೆತ್ತಿಕೊಂಡು ಮಗಳು ಸೋಮಿಯ ಹಿಂದೆ ಓಡುತ್ತಿದ್ದಳು. ಸೋಮಿ ಮೊದಲ ಹೆಜ್ಜೆಯಿಟ್ಟು ಧೊಪ್ಪನೆ ಕೂತು ನಕ್ಕದ್ದು, ಹಿಟ್ಟಿನ ಡಬ್ಬಕ್ಕೆ ತಲೆ ಹಾಕಿ ಬೆಳ್ಳಗಾಗಿ ಎದ್ದದ್ದು, ಅತ್ತೆ ಕೆಂಚಮ್ಮ ಒಲೆಯ ಮುಂದಿನಿಂದ "ನನ್ ಮುಖ ಏನ್ ಹಿಡೀತೀಯೇ, ಅನ್ನ ಉಕ್ತೈತೆ ನೋಡ್ ಹೋಗು" ಎಂದು ಗದರಿದ್ದು, ಎಲ್ಲವೂ ಟೇಪಿನಲ್ಲಿತ್ತು. ಚಿತ್ರ ಅಲುಗಾಡುತ್ತಿತ್ತು, ಅಲ್ಲಲ್ಲಿ ಹೆಬ್ಬೆರಳು ಅಡ್ಡ ಬಂದಿತ್ತು. ಬರಲಿ ಬಿಡಿ. ಮನೆಯವರಿಗಿಲ್ಲದ ಬೇಸರ ಊರಿಗೇಕೆ?

ಆದರೆ ಅರಮನೆಯ ಬಿಂಬಾಧಿಕಾರಿ ಜಡಶೃಂಗನಿಗೆ ಬೇಸರವಾಯಿತಂತೆ. ಅವನೊಬ್ಬ ಮಾಯಾವಿ. ಒಂದು ಬೆಳಿಗ್ಗೆ ಡಂಗುರ ಹೊಡೆಸಿದ: "ಅಲುಗಾಡುವ ಟೇಪು, ಮಸುಕಾದ ಟೇಪು, ಹೆಬ್ಬೆರಳು ಕಾಣುವ ಟೇಪು ನಾಡಿಗೆ ಅವಮಾನ. ಎಲ್ಲವನ್ನೂ ಬಿಂಬಭವನಕ್ಕೆ ಒಪ್ಪಿಸತಕ್ಕದ್ದು." ಸೈನಿಕರು ಮನೆಮನೆಗೆ ನುಗ್ಗಿ ಪೆಟ್ಟಿಗೆ, ಕಪಾಟು, ತೊಟ್ಟಿಲ ಕೆಳಗೆ, ಎಲ್ಲಾ ಜಾಲಾಡಿ ಟೇಪುಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಹೋದರು. ಎಂಥ ನಾಚಿಕೆಗೇಡು! ಕಳ್ಳನಾದರೂ ತೊಟ್ಟಿಲ ಕೆಳಗೆ ಕೈ ಹಾಕುವ ಮೊದಲು ಒಮ್ಮೆ ಅಳುಕುತ್ತಾನೆ.

ಮೂರು ದಿನ ಕಳೆಯಿತು. ಸೋಮಿ ನಗುವುದನ್ನು ಮರೆತಳು. ಅಜ್ಜಿ ಕಚಗುಳಿ ಇಟ್ಟರೂ ಕಲ್ಲಿನಂತೆ ಕೂತಿದ್ದಳು. ಓಣಿಯ ಮಕ್ಕಳೆಲ್ಲರದೂ ಇದೇ ಕತೆ. ಅದೇ ಹೊತ್ತಿಗೆ ಅರಮನೆಯ ಕಡೆಯಿಂದ ಸುದ್ದಿ ಬಂತು: ಮುದುಕ ಜಡಶೃಂಗನ ಕೂದಲು ಕಪ್ಪಾಗುತ್ತಿದೆ, ಹೊಸ ಹಲ್ಲು ಮೂಡುತ್ತಿದೆ!

ಬೊಮ್ಮಕ್ಕನಿಗೆ ಅರ್ಥವಾಯಿತು. ಅವಳ ಮೈಯೆಲ್ಲ ಉರಿಯಿತು.

"ನನ್ ಮಗೀನ್ ನಗು ಕುಡ್ದು ಅವನು ಹರೇಕ್ ಬರ್ತಾನಂತಾ? ಅತ್ತೆ, ಸೋಮೀನ ನೋಡ್ಕೊಳ್ಳಿ. ನಾನ್ ಹೋಗಿ ತರ್ತೀನಿ."

"ಒಬ್ಳೇ ಹೋಗ್ತೀಯೇನೇ?" ಎಂದಳು ಕೆಂಚಮ್ಮ. ಸೊಸೆಯ ಕಣ್ಣು ನೋಡಿ ಬುತ್ತಿ ಕಟ್ಟಿಕೊಟ್ಟಳು. ಬೊಮ್ಮಕ್ಕ ಹೊಸ ಟೇಪು ಹಾಕಿದ ಕ್ಯಾಮರಾವನ್ನು ಹೆಗಲಿಗೆ ನೇತುಹಾಕಿಕೊಂಡು ಬೆಟ್ಟದ ಮೇಲಿನ ಬಿಂಬಭವನದ ಹಾದಿ ಹಿಡಿದಳು.

ಮೊದಲ ಬಾಗಿಲಲ್ಲಿ ಹುಲಿ ಅಡ್ಡ ಬಂತು. "ನಿಲ್ಲು! ನಿನ್ನನ್ನು ತಿನ್ನುತ್ತೇನೆ."

"ತಿನ್ನುವಂತೆ. ಮೊದಲು ಹೇಳು, ಚಿನ್ನದ ಕ್ಯಾಮರಾದಲ್ಲಿ ನಿನ್ನ ಚಿತ್ರ ಇದೆಯೇ?"

ಹುಲಿಯ ಕಿವಿ ಜೋತುಬಿತ್ತು. "ಮುನ್ನೂರು ವರ್ಷದಿಂದ ಕಾವಲಿದ್ದೇನೆ. ರಾಜರ ಹಿಂದೆ ಒಂದು ಕಡೆ ನನ್ನ ಬಾಲ ಕಾಣುತ್ತದೆ. ಅಷ್ಟೇ."

"ಬಾಲ ಮಾತ್ರವೇ? ಎಂಥ ಅನ್ಯಾಯ!" ಬೊಮ್ಮಕ್ಕ ಕ್ಯಾಮರಾ ಎತ್ತಿದಳು. ಹುಲಿ ಮೈ ಮುರಿಯಿತು, ಆಕಳಿಸಿತು, ನಾಚಿ ಮೀಸೆ ನೆಕ್ಕಿಕೊಂಡಿತು. ತೋರಿಸಲೆಂದು ಅವಳು ಟೇಪನ್ನು ಹಿಂದಕ್ಕೆ ಸುತ್ತಿದಾಗ ಹುಲಿಯೂ ಹತ್ತು ಹೆಜ್ಜೆ ಹಿಂದಕ್ಕೆ ನಡೆದು, ಆಕಳಿಕೆಯನ್ನು ಬಾಯೊಳಗೆ ವಾಪಸು ನುಂಗಿತು. ಮಾಯೆಯ ಜೀವಿಗಳೇ ಹಾಗೆ. ಅವುಗಳ ಚಿತ್ರ ಯಾವ ಟೇಪಿನಲ್ಲಿದೆಯೋ ಆ ಟೇಪು ಓಡಿದ ಕಡೆಗೆ ಅವೂ ಓಡಬೇಕು. ಹುಲಿ ಬೇಸರಿಸಲಿಲ್ಲ. ತನ್ನ ಮುಖ ತಾನು ಕಂಡು, ಕಣ್ಣೊರೆಸಿಕೊಂಡು ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ರಕ್ಕಸಿ ಅಡ್ಡ ಬಂದಳು. "ನಿಲ್ಲು! ನಿನ್ನನ್ನು ತಿನ್ನುತ್ತೇನೆ."

"ತಿನ್ನುವಂತೆ. ಸೊಂಟದ ಮೇಲಿರುವ ಮಗು ಯಾರದು?"

"ನನ್ನದೇ. ಈವತ್ತು ಅಂಬೆಗಾಲಿಟ್ಟಿದೆ," ಎನ್ನುವಾಗ ರಕ್ಕಸಿಯ ದನಿ ಮೆತ್ತಗಾಯಿತು. "ಹಿಡಿದಿಡಿ ಎಂದು ಜಡಶೃಂಗನನ್ನು ಕೇಳಿದೆ. ಕಾವಲಿನವರ ಕೂಸಿಗೆಲ್ಲ ಟೇಪು ದಂಡವಂತೆ."

ದಂಡವಂತೆ! ಕೇಳಿಸಿಕೊಂಡಿರಾ? ಬೊಮ್ಮಕ್ಕ ನೆಲಕ್ಕೆ ಮಂಡಿಯೂರಿ, ಕ್ಯಾಮರಾವನ್ನು ಕೂಸಿನ ಎತ್ತರಕ್ಕೆ ಹಿಡಿದು ಅದು ತೆವಳಿ ಬಂದು ಗಾಜನ್ನು ನೆಕ್ಕುವವರೆಗೂ ತೆಗೆದಳು. ನೋಡಿದ ರಕ್ಕಸಿ ತನ್ನ ಕೈಯಾರೆ ಬಾಗಿಲು ತೆಗೆದಳು.

ಮೂರನೆಯ ಬಾಗಿಲಲ್ಲಿ ಹೆಬ್ಬಾವು ಅಡ್ಡ ಬಂತು. "ನಿಲ್ಲು! ನನಗೆ ಕಣ್ಣಿಲ್ಲ. ನಿನ್ನ ಚಿತ್ರದ ಆಸೆ ನನಗೆ ತೋರಿಸಬೇಡ."

"ಕಿವಿಯಾದರೂ ಇದೆಯಲ್ಲ, ಕೇಳು," ಎಂದು ಅವಳು ಟೇಪು ಹಾಕಿದಳು. ಹುಲಿಯ ಆಕಳಿಕೆ ಕೇಳಿಸಿತು, ರಕ್ಕಸಿ ಕೂಸನ್ನು ಮುದ್ದಿಸುವ ತೊದಲು ಕೇಳಿಸಿತು. ಹೆಬ್ಬಾವು ಹೆಡೆಯಿಲ್ಲದ ತಲೆ ಎತ್ತಿ ಬೆರಗಾಯಿತು. "ಇವರು ನನ್ನ ನೆರೆಯವರು! ಬೊಬ್ಬೆ ಹೊಡೆಯುವುದನ್ನಷ್ಟೇ ಕೇಳಿದ್ದೆ. ಇಷ್ಟು ಒಳ್ಳೆಯವರೆಂದು ಗೊತ್ತಿರಲಿಲ್ಲ." ಸುರುಳಿ ಬಿಚ್ಚಿ ದಾರಿ ಕೊಟ್ಟಿತು. ಬೊಮ್ಮಕ್ಕ ಅವಸರದಲ್ಲಿ ಕ್ಯಾಮರಾ ಆರಿಸಲೆಂದು ಗುಂಡಿ ಒತ್ತಿ, ಹೆಗಲಿಗೆ ಹಾಕಿಕೊಂಡು ಒಳಗೆ ಓಡಿದಳು.

ಬಿಂಬಭವನದ ತುಂಬ ಟೇಪು. ಪ್ರತಿಯೊಂದರ ಮೇಲೂ ಯಾವುದೋ ತಾಯಿಯ ಕೈಬರಹ: ತಂಗಿಯ ಮದುವೆ, ಹಬ್ಬದ ದಿನ, ಪಾಪುವಿನ ಮೊದಲ ಹಲ್ಲು. ನಡುವೆ ಕುರ್ಚಿ ಹಾಕಿಕೊಂಡು ಜಡಶೃಂಗ ಒಂದು ಟೇಪಿನ ಪಟ್ಟಿಯನ್ನು ಎಳೆದೆಳೆದು ಶಾವಿಗೆಯಂತೆ ಹೀರುತ್ತಿದ್ದ. 'ಸೋಮಿಯ ಹೆಜ್ಜೆ' ಎಂದು ಅದರ ಮೇಲಿತ್ತು. ಅವನ ಗಂಟಲಲ್ಲಿ ಸೋಮಿಯ ನಗು ಕಿಲಕಿಲ ಎಂದು ಇಳಿಯುತ್ತಿತ್ತು.

"ಬಿಡೋ ಅದ್ನ!" ಬೊಮ್ಮಕ್ಕ ಚೀರಿದಳು.

"ಅರ್ಧ ಮುಗಿಯಿತು," ಎಂದ ಅವನು, ಬಾಯಿ ಒರೆಸಿಕೊಳ್ಳುತ್ತ. "ಉಳಿದರ್ಧ ನುಂಗಿದರೆ ಕೂಸು ನಿನ್ನ ಗುರುತೂ ಹಿಡಿಯುವುದಿಲ್ಲ. ಅಳಬೇಡ. ಮಸಿ ಕೈಯವರ ಮನೆಯ ನಗು ಯಾವ ಚರಿತ್ರೆಗೆ ಬೇಕು? ಇಲ್ಲಿ ಒಂದು ದೊಡ್ಡ ಮನುಷ್ಯನ ಆಯುಸ್ಸಿಗಾದರೂ ಬಂತು."

ಬೊಮ್ಮಕ್ಕ ಕ್ಯಾಮರಾ ಎತ್ತಿ ಅವನಿಗೆ ಗುರಿ ಹಿಡಿದಳು. ಗಾಜಿನಲ್ಲಿ ಬರಿಯ ಕುರ್ಚಿ ಕಂಡಿತು.

ಜಡಶೃಂಗ ಹೊಟ್ಟೆ ಹಿಡಿದು ನಕ್ಕ. "ನನಗೆ ವರವಿದೆ ಹೆಣ್ಣೇ. ಗುರಿಯಿಟ್ಟು ಹಿಡಿದ ಯಾವ ಕಣ್ಣಿಗೂ ನಾನು ಸಿಗುವುದಿಲ್ಲ."

ಆಗ ಬೊಮ್ಮಕ್ಕ ಕ್ಯಾಮರಾದಲ್ಲಿ ಚಿತ್ರ ಹಿಡಿಯುವಾಗ ಹೊತ್ತುವ ಕೆಂಪು ದೀಪವನ್ನು ಕಂಡಳು. ಅದು ಆಗಲೇ ಉರಿಯುತ್ತಿತ್ತು. ತಗಡಿನ ಕ್ಯಾಮರಾ ಇರುವ ಮನೆಯಲ್ಲಿ ಎಲ್ಲರೂ ಮಾಡುವ ತಪ್ಪನ್ನೇ ಅವಳೂ ಮಾಡಿದ್ದಳು. ಆರಿಸುತ್ತೇನೆಂದು ಚಿತ್ರ ಹಿಡಿಯುವ ಗುಂಡಿ ಒತ್ತಿದ್ದಳು. ಹೆಗಲಿನಲ್ಲಿ ಓಲಾಡುತ್ತ ಆ ಕ್ಯಾಮರಾ ಹೊಸ್ತಿಲನ್ನು, ಅವಳ ಸೀರೆಯ ಅಂಚನ್ನು, ಅಡ್ಡಡ್ಡವಾಗಿ ಕೂತು ಪಟ್ಟಿ ಹೀರುವ ಮಾಯಾವಿಯನ್ನು ತನ್ನ ಪಾಡಿಗೆ ಹಿಡಿದುಕೊಂಡಿತ್ತು. ಯಾರೂ ಗುರಿಯಿಟ್ಟಿರಲಿಲ್ಲ!

ಅವಳು ಟೇಪನ್ನು ಹಿಂದಕ್ಕೆ ಸುತ್ತಿದಳು.

ಜಡಶೃಂಗನ ಬಾಯಿ ತಾನಾಗಿ ತೆರೆಯಿತು. ಸೋಮಿಯ ಪಟ್ಟಿ ಸರಸರನೆ ಹೊರಬಂದು ತನ್ನ ಡಬ್ಬಿಗೆ ಸುತ್ತಿಕೊಂಡಿತು. ಅದರ ಹಿಂದೆ ಇನ್ನೊಂದು, ಮತ್ತೊಂದು, ಊರಿನ ಮಕ್ಕಳದೆಲ್ಲ. ಹಿಂದಕ್ಕೆ ಹೊರಟ ಮಾಯೆ ನಡುವೆ ನಿಲ್ಲಲಾರದು. ಹಲ್ಲು ಉದುರಿ, ಕೂದಲು ಬೆಳ್ಳಗಾಗಿ, ಅವನು ಹಿಮ್ಮುಖವಾಗಿ ಬಾಗಿಲು ದಾಟಿದ. ಹೆಬ್ಬಾವಿನ ಮುಂದೆ, ರಕ್ಕಸಿಯ ಮುಂದೆ, ಹುಲಿಯ ಮುಂದೆ ಹಾಗೇ ಹಿಮ್ಮೆಟ್ಟಿ ನಡೆದು, ಏಳು ಬೆಟ್ಟಗಳನ್ನು ಬೆನ್ನಿನ ಕಡೆಯಿಂದ ಹತ್ತಿಳಿದು ರಾಜ್ಯದ ಆಚೆ ಹೋಗಿ ಬಿದ್ದ. ಅವನ ಮಾಯೆ ಅಲ್ಲಿಗೆ ಇಂಗಿತು.

ಹುಲಿಯ ಬೆನ್ನ ಮೇಲೆ ಟೇಪಿನ ಚೀಲ ಹೇರಿಕೊಂಡು ಬೊಮ್ಮಕ್ಕ ನೇರ ರಾಜರ ಮುಂದೆ ನಿಂತಳು. ರಾಜರು ತಲೆ ಕೆರೆದುಕೊಂಡರು. "ಆಜ್ಞೆಯನ್ನು ನಾವು ಓದಿರಲಿಲ್ಲಮ್ಮ. ಮುದ್ರೆ ಮಾತ್ರ ಒತ್ತಿದೆವು."

"ಓದ್ಲಿಲ್ವಾ? ನಮ್ಮನೆ ತೊಟ್ಲ ಕೆಳ್ಗೆ ಕೈ ಹಾಕ್ಸಿದ್ ಆಜ್ಞೆ ಅದು, ಬುದ್ಧಿ! ಓದೋಕ್ ಬರ್ದಿದ್ರೆ ಹೇಳ್ಬೇಕಿತ್ತು, ನಮ್ ಓಣಿ ಮಕ್ಳೇ ಓದಿ ಹೇಳೋವು."

ಸಭೆ ಬೆವರಿತು. ರಾಜರು ತಗ್ಗಿಸಿದ ತಲೆ ಎತ್ತದೆ ಆಜ್ಞೆಯನ್ನು ತಾವೇ ಹರಿದರು, ಯಾರ ಮನೆಯ ಟೇಪು ಯಾರಿಗೆಂದು ತಾವೇ ಓಣಿಗಳಲ್ಲಿ ನಡೆದು ಹಂಚಿದರು.

ಬೊಮ್ಮಕ್ಕ ಮನೆಗೆ ಬಂದಾಗ ಸೋಮಿ ಇನ್ನೂ ಹಾಗೇ ಕೂತಿದ್ದಳು. ಬೊಮ್ಮಕ್ಕ ತಡಮಾಡದೆ 'ಸೋಮಿಯ ಹೆಜ್ಜೆ' ಟೇಪು ಹಾಕಿದಳು. ಪರದೆಯ ಮೇಲೆ ಪುಟ್ಟ ಸೋಮಿ ಹೆಜ್ಜೆಯಿಟ್ಟಳು, ಧೊಪ್ಪನೆ ಕೂತಳು, ನಕ್ಕಳು. ಚಾಪೆಯ ಮೇಲಿನ ಸೋಮಿ ಕಣ್ಣು ಪಿಳಿಪಿಳಿ ಬಿಟ್ಟು ನೋಡಿದಳು. ಆಮೇಲೆ ಅವಳೂ ನಕ್ಕಳು.

ಬೊಮ್ಮಕ್ಕ ಅಳುತ್ತಲೇ ಅಭ್ಯಾಸಬಲದಿಂದ ಕ್ಯಾಮರಾಕ್ಕೆ ಕೈ ಚಾಚಿದಳು. ಕೆಂಚಮ್ಮ ಅದನ್ನು ಕಿತ್ತುಕೊಂಡಳು.

"ಇಷ್ಟ್ ಟೇಪ್ನಾಗೆ ಒಂದ್ರಾಗಾದ್ರೂ ನೀನಿದೀಯೇನೇ? ಮಗು ದೊಡ್ಡೋಳಾದ್ ಮ್ಯಾಕೆ ನಮ್ಮವ್ವ ಎಲ್ಲಿ ಅಂತ ಕೇಳಿದ್ರೆ ಏನ್ ಹೇಳ್ಲಿ? ಹೋಗು, ಆ ಕಡೀಕ್ ಕೂತ್ಕೋ."

ಬೊಮ್ಮಕ್ಕ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಏನು ಮಾಡಬೇಕೆಂದು ತಿಳಿಯದೆ ಸೆರಗು ಸರಿಮಾಡಿಕೊಂಡಳು. ಸೋಮಿ ಅವ್ವನ ಮಸಿ ಕೆನ್ನೆಯನ್ನು ಹಿಡಿದೆಳೆದು ಮತ್ತೆ ನಕ್ಕಳು.

ಆಮೇಲೆ ಆ ನಾಡಿನವರು ಸುಖವಾಗಿ ಬಾಳಿದರು, ಹುಲಿ ಹೆಬ್ಬಾವುಗಳೂ ಸೇರಿ. ಆ ಟೇಪು ಆ ಮನೆಯಲ್ಲಿ ಇವತ್ತಿಗೂ ಇದೆ. ಅತ್ತೆಯ ಕೈ ನಡುಗಿ ಅರ್ಧ ಚಿತ್ರದಲ್ಲಿ ಬರಿಯ ಗೋಡೆ. ಉಳಿದರ್ಧದಲ್ಲಿ ಬೊಮ್ಮಕ್ಕ ಇದ್ದಾಳೆ.